ಗುಂಡಿ ತಿರುಗಿಸಿದರೂ ಸ್ವರವೇಕೆ ಏರದು?

ಪ್ರಶ್ನೆ: ನನ್ನ ಹಳೆಯ ಅನಲಾಗ್ ಸಿಂಥಸೈಜರಿನಲ್ಲಿ ಸಿಂಕ್ ಒತ್ತಿದ ಮೇಲೆ ಎರಡನೆಯ ಆಸಿಲೇಟರಿನ (ಸ್ವರದ ಅಲೆ ಹುಟ್ಟಿಸುವ ಭಾಗದ) ಗುಂಡಿ ತಿರುಗಿಸಿದರೆ ಸ್ವರ ಏರುವುದಿಲ್ಲ, ನಾದ ಮಾತ್ರ ಕರ್ಕಶವಾಗುತ್ತದೆ. ಯಂತ್ರ ಕೆಟ್ಟಿದೆಯೇ? ಮಾಡ್ಯುಲೇಶನ್ ಎಂದರೂ ಇದೇ ಏನು?
— ಓದುಗರೊಬ್ಬರು, ಶಿರಸಿ

ಉತ್ತರ: ಯಂತ್ರ ಸರಿಯಾಗಿಯೇ ಇದೆ. ನಿಮ್ಮ ಕಡೆಯ ಯಕ್ಷಗಾನದ ಹಿಮ್ಮೇಳದಲ್ಲಿ, ಭಾಗವತರ ತಾಳದ ಆವರ್ತ ಮುಗಿದೊಡನೆ ಮದ್ದಳೆಗಾರರು ನುಡಿಸುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟು ಮೊದಲಿನಿಂದ ಹಿಡಿಯಬೇಕಾದರೆ ಹೇಗೋ (ಯಾವ ಮದ್ದಳೆಗಾರರೂ ಒಪ್ಪಲಾರರು, ಆ ಮಾತು ಬೇರೆ), ಹಾಗೆ ಸಿಂಕ್ ಒತ್ತಿದಾಗ ಮೊದಲನೆಯ ಆಸಿಲೇಟರ್ ಒಂದು ಸುತ್ತು ಮುಗಿಸಿದಾಗಲೆಲ್ಲ ಎರಡನೆಯದರ ಅಲೆ ಎಲ್ಲಿದ್ದರೂ ತುಂಡಾಗಿ ಪುನಃ ಆರಂಭದಿಂದ ಹೊರಡುತ್ತದೆ. ಮೊದಲನೆಯದು 110 ಹರ್ಟ್ಸ್, ಎರಡನೆಯದು 275 ಹರ್ಟ್ಸ್ ಇದ್ದರೆ ಪ್ರತಿ ಸುತ್ತಿನಲ್ಲೂ ಗರಗಸದಾಕಾರದ ಅಲೆಯ ಎರಡು ಹಲ್ಲುಗಳು ಪೂರ್ತಿಯಾಗಿ ಮೂಡಿ, ಮೂರನೆಯದು ನಡುವೆಯೇ ಮುರಿಯುತ್ತದೆ; ಈ ಇಡೀ ಆಕಾರ ಸೆಕೆಂಡಿಗೆ 110 ಸಲ ಮರಳುವುದರಿಂದ ಕಿವಿಗೆ ಬೀಳುವ ಸ್ವರ 110ರದ್ದೇ ಆಗಿದ್ದು, ಗುಂಡಿ ತಿರುಗಿಸಿದಂತೆ ಮುರಿಯುವ ಜಾಗ ಸರಿದು ಹಾರ್ಮೋನಿಕ್‌ಗಳ (ಮೂಲಸ್ವರದೊಡನೆ ಬೆರೆತ ಮೇಲಿನ ಸ್ವರಗಳ) ಬಲಾಬಲವಷ್ಟೇ ಬದಲಾಗುತ್ತದೆ.

ಮಾಡ್ಯುಲೇಶನ್ ಬೇರೆ. ಅಲ್ಲಿ ಅಲೆಯನ್ನು ತುಂಡರಿಸದೆ, ಒಂದು ಆಸಿಲೇಟರಿನ ವೋಲ್ಟೇಜು ಇನ್ನೊಂದರ ಆವರ್ತನವನ್ನು ಏರಿಳಿಸುತ್ತದೆ. ಸೆಕೆಂಡಿಗೆ ಐದಾರು ಸಲವಾದರೆ ಸ್ವರ ತೂಗಿದಂತೆ, ನೂರಾರು ಸಲವಾದರೆ ಕಂಚಿನ ಗಂಟೆಯಂತೆ ಕೇಳುತ್ತದೆ.

1978ರ ಪ್ರಾಫೆಟ್-5 ಸಿಂಥಸೈಜರಿನಲ್ಲಿ ಇವೆರಡೂ ಕೂಡುತ್ತವೆ: 'ಎ' ಆಸಿಲೇಟರನ್ನು 'ಬಿ'ಗೆ ಸಿಂಕ್ ಮಾಡಿ, ಫಿಲ್ಟರಿನ ಎನ್ವಲಪ್‌ನಿಂದ (ಕೀಲಿ ಒತ್ತಿದೊಡನೆ ಏರಿ ಇಳಿಯುವ ವೋಲ್ಟೇಜಿನಿಂದ) 'ಎ'ಯ ಆವರ್ತನವನ್ನು ಎಳೆದಾಡಬಹುದು. ನನ್ನ ಮಟ್ಟಿಗೆ ಸಿಂಕಿನ ನಿಜವಾದ ಸೊಗಸು ಈ ಎಳೆತದಲ್ಲೇ ಇದೆ. ನೀವೂ ಪ್ರಯತ್ನಿಸುವಾಗ ಎರಡನೆಯದನ್ನು ಮೊದಲನೆಯದಕ್ಕಿಂತ ಮೇಲೆಯೇ ಇಡಿ. ಕೆಳಗಿಳಿಸಿದರೆ ಒಂದು ಹಲ್ಲೂ ಪೂರ್ತಿಯಾಗದೆ ಸದ್ದು ಸೊರಗುತ್ತದೆ.