ರಾಣಿ ಇರುವೆ ಏನೂ ತಿನ್ನುತ್ತಿಲ್ಲ ಎಂದವರಿಗೆ

ಮಳೆಯ ಮರುದಿನ ಸಿಕ್ಕ ರಾಣಿ ಇರುವೆ ವಾರವಾದರೂ ಸಕ್ಕರೆ ನೀರು ಮುಟ್ಟಿಲ್ಲ, ಸಾಯುತ್ತಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ರೆಕ್ಕೆ ಉದುರಿಸಿದ ಎಷ್ಟೋ ಜಾತಿಯ ರಾಣಿಯರು ಮೊದಲ ಕೆಲಸಗಾರ ಇರುವೆಗಳು ಹುಟ್ಟುವವರೆಗೂ ಏನೂ ತಿನ್ನುವುದಿಲ್ಲ. ಹಾರಲು ಬೇಕಿದ್ದ ರೆಕ್ಕೆಯ ಸ್ನಾಯುಗಳೇ ಕರಗಿ ಅವಳಿಗೂ ಮರಿಗಳಿಗೂ ಆಹಾರವಾಗುತ್ತವೆ. ಎಂಥ ಅದ್ಭುತ ಏರ್ಪಾಡು ಅಲ್ವಾ! ಆದರೆ ಕೆಲವು ಜಾತಿಗಳಲ್ಲಿ ರಾಣಿಯೂ ಬೇಟೆಗೆ ಹೋಗುತ್ತಾಳೆ. ಹಾಗಾಗಿ ಜಾತಿ ಯಾವುದು ಅಂತ ಮೊದಲು ಗುರುತಿಸಿ. ಫೋಟೋ ಹಾಕಿದರೆ ನಾನೂ ನೋಡುತ್ತೇನೆ.

ಬೇಟೆಗೆ ಹೋಗದ ಜಾತಿಯಾದರೆ ರಾಣಿಯನ್ನು ಟೆಸ್ಟ್ ಟ್ಯೂಬ್‌ನಲ್ಲಿಡಿ: ಮೂರನೇ ಒಂದು ಭಾಗ ನೀರು, ಅದಕ್ಕೆ ಒತ್ತಿದ ಹತ್ತಿ, ನಡುವೆ ರಾಣಿ, ಬಾಯಿಗೂ ಹತ್ತಿ. ಅಷ್ಟೇ ಸಾಕು. ಒಳಗಿರುವ ಸಕ್ಕರೆ ನೀರು ತೆಗೆದುಬಿಡಿ, ಬೂಷ್ಟು ಹಿಡಿಯುತ್ತದೆ. ಟ್ಯೂಬನ್ನು ಕತ್ತಲಲ್ಲಿ, ಅಲುಗಾಡದ ಜಾಗದಲ್ಲಿಡಿ. ಸುಮ್ನೆ ದಿನಾ ತೆಗೆದು ನೋಡಬೇಡಿ, ದಯವಿಟ್ಟು! ಜಾಸ್ತಿ ಹೆದರಿದರೆ ಅವಳು ತನ್ನ ಮೊಟ್ಟೆಗಳನ್ನೇ ತಿಂದುಬಿಡುತ್ತಾಳೆ. ವಾರಕ್ಕೊಮ್ಮೆ ಇಣುಕಿದರೆ ಸಾಕು.

ಮೊದಲ ಕೆಲಸಗಾರ ಇರುವೆಗಳು ತೀರಾ ಚಿಕ್ಕದಾಗಿರುತ್ತವೆ, ಅದು ಸಹಜ. ಅವು ಬಂದ ಮೇಲೆ ಒಂದು ಹನಿ ಸಕ್ಕರೆ ನೀರು, ಸತ್ತ ಹಣ್ಣಿನ ನೊಣದಂಥ ಪುಟ್ಟ ಹುಳು ಕೊಡಿ. ಉಳಿದದ್ದನ್ನು ಮರುದಿನ ತೆಗೆಯಿರಿ. ದೊಡ್ಡ ಗೂಡಿನ ಪೆಟ್ಟಿಗೆ ಈಗಲೇ ಕೊಳ್ಳಬೇಡಿ. ಇಪ್ಪತ್ತು ಮೂವತ್ತು ಇರುವೆಗಳಾಗುವವರೆಗೆ ಟ್ಯೂಬೇ ಅವಕ್ಕೆ ಹಿತ.