ಅಮ್ಮಂಗೆ ಕಿವಿ ಸ್ವಲ್ಪ ಮಂದ, ಹೊಸ ಫೋನಲ್ಲಿ ಕಾಲ್ ಸರಿಯಾಗಿ ಕೇಳುತ್ತಾ ಅಂತ ಹೇಗೆ ಚೆಕ್ ಮಾಡೋದು?

ಅಂಗಡಿಯವ್ರು ರಿಂಗ್‌ಟೋನ್ ಹಾಕಿ "ನೋಡಿ ಎಷ್ಟ್ ಜೋರಿದೆ" ಅಂತಾರಲ್ಲ, ಅದನ್ನ ನಂಬ್ಬೇಡಿ, ಕಿವಿಗಿಟ್ಕೊಂಡು ಮಾತಾಡೋವಾಗ ಕೇಳೋದು ಮೇಲಿನ ಇಯರ್‌ಪೀಸಲ್ಲಿ, ಅದ್ರ ಕಥೆನೇ ಬೇರೆ. ಅಮ್ಮನ್ನೇ ಕರ್ಕೊಂಡ್ ಹೋಗಿ, ಅವರ ಸಿಮ್ ಹಾಕಿ, ಮನೇಲಿರೋರಿಗೆ ನಿಜವಾದ ಕಾಲ್ ಮಾಡ್ಸಿ.

ನಮ್ಮಪ್ಪಂಗೆ ಬೆಂಗಳೂರಿನ ಎಸ್.ಪಿ. ರೋಡಲ್ಲಿ ಫೋನ್ ನೋಡೋಕೆ ಹೋದಾಗ ತಂಗಿ ಆ ಕಡೆಯಿಂದ "ಹಾಲು, ಸಾಲು, ಕಾಲು, ಪಾಲು" ಅಂತ ಹಿಂದೆಮುಂದೆ ಮಾಡಿ ಹೇಳ್ತಾ ಹೋದ್ಳು, ಅಪ್ಪ ಕೇಳಿದ್ದನ್ನ ಜೋರಾಗಿ ಹೇಳ್ಬೇಕು, ಅಷ್ಟೇ. "ಸಾಲು" ಬಂದಾಗೆಲ್ಲ "ಹಾಲು" ಅಂದ್ರು! ವಾಲ್ಯೂಮ್ ಫುಲ್ ಇಟ್ರೂ ಅದೇ, ಯಾಕಂದ್ರೆ ವಯಸ್ಸಾದ್ಮೇಲೆ ಸಾಮಾನ್ಯವಾಗಿ ಮೊದ್ಲು ಕೇಳದೇ ಹೋಗೋದು ಹೈ ಫ್ರೀಕ್ವೆನ್ಸಿ, ಅಂದ್ರೆ ಚೂಪಾದ ಸೌಂಡ್, ಸ, ಶ ಥರದ ಅಕ್ಷರಗಳು ಅಲ್ಲೇ ಇರೋದು. ಹಳೇ ಥರದ ಕಾಲಲ್ಲಿ ಸುಮಾರು 3400 ಹರ್ಟ್ಜ್‌ಗಿಂತ ಮೇಲಿನ ಸೌಂಡ್ ಬರೋದೇ ಇಲ್ಲ, ವೋಲ್ಟೀ (4ಜಿ ನೆಟ್‌ವರ್ಕ್ ಮೇಲೆ ಹೋಗೋ ಕಾಲ್) ಎಚ್‌ಡಿ ಕಾಲಲ್ಲಿ 7000ದವರೆಗೂ ಬರುತ್ತೆ, ಆದ್ರೆ ಎರಡೂ ಕಡೆ ಆನ್ ಇರ್ಬೇಕು. ಸೆಟ್ಟಿಂಗ್ಸಲ್ಲಿ ನೋಡ್ಕೊಳ್ಳಿ.

ಆಮೇಲೆ ಅಂಗಡಿ ಹೊರಗೆ ಬಂದು ಆಟೋ ಹಾರ್ನ್ ಮಧ್ಯೆ ಇನ್ನೊಂದ್ಸಲ, ಎರಡೂ ಕಿವೀಲೂ ಮಾಡಿ. ವಾಲ್ಯೂಮ್ ಫುಲ್ ಇಟ್ಟಾಗ ಸೌಂಡ್ ಒಡೆದು ಕರಕರ ಅಂದ್ರೆ ಆ ಫೋನ್ ಬೇಡ. ಸ್ಕ್ರೀನ್ ಗಾರ್ಡ್ ಇಯರ್‌ಪೀಸ್ ಮೇಲೆ ಕೂತ್ಕೊಂಡ್ರೂ ಸೌಂಡ್ ಸತ್ತೋಗುತ್ತೆ, ಹಾಕ್ಸೋವಾಗ್ಲೇ ನೋಡಿ. ಇಷ್ಟಾದ್ರೂ ಪದ ತಪ್ತಾನೇ ಇದ್ರೆ ಫೋನ್ ಬದಲಾಯಿಸ್ತಾ ಕೂರ್ಬೇಡಿ, ಒಬ್ಬ ಆಡಿಯಾಲಜಿಸ್ಟ್ ಹತ್ರ ಕಿವಿ ಟೆಸ್ಟ್ ಮಾಡ್ಸಿ.