ಸಂಪಾದಕರ ಉತ್ತರ: ಎಂಟು ಜನರ ಪ್ರೆಸ್ಸಿಗೆ ಮಿತಿ ಯಾಕಿಲ್ಲ?

ನಮಸ್ಕಾರ. ಗದಗದಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಎಂಟು ಕೆಲಸಗಾರರ ಆಫ್‌ಸೆಟ್ ಪ್ರೆಸ್. ಎಲ್ಲರಿಗೂ ಸೇರಿಸಿ ಒಂದು ಗುಂಪು ಆರೋಗ್ಯ ವಿಮೆ. ಹೋದ ವರ್ಷ ನಿಮ್ಮ ಮಷಿನ್‌ಮನ್‌ಗೆ ಸ್ಟೆಂಟ್ ಹಾಕಿಸಬೇಕಾಯಿತು. ವಿಮೆ ದುಡ್ಡು ಬಂತು, ಜೀವ ಉಳಿಯಿತು. ಈಗ ನವೀಕರಣದ ಕಾಗದದಲ್ಲಿ ಪ್ರೀಮಿಯಂ 62,000ದಿಂದ 98,000 ರೂಪಾಯಿಗೆ ಏರಿದೆ. "ಶೇ 10ಕ್ಕಿಂತ ಜಾಸ್ತಿ ಏರಿಸಬಾರದು ಅಂತ ನಿಯಮ ಐತಲ್ರೀ? ಹುಡುಗರನ್ನ ನಡುನೀರಾಗ ಬಿಡಾಕ ಮನಸ್ಸು ಒಪ್ಪವಲ್ದು" ಎಂದು ಬರೆದಿದ್ದೀರಿ.

ನಿಯಮ ಇದೆ, ಆದರೆ ನಿಮ್ಮ ಪಾಲಿಸಿಗಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಹಾಕಿದ ಆ ಮಿತಿ, 60 ದಾಟಿದವರ ವೈಯಕ್ತಿಕ ಪಾಲಿಸಿಗೆ ಮಾತ್ರ. ಅದೇ ವರ್ಷ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗೆದಿದ್ದೂ ವೈಯಕ್ತಿಕ ಮತ್ತು ಕುಟುಂಬದ ಪಾಲಿಸಿಗಳಿಗೇ. ಗುಂಪು ಪಾಲಿಸಿಗೆ ಶೇ 18 ಹಾಗೇ ಉಳಿಯಿತು. ತನ್ನ ಮನೆಗೆ ಮಾಡಿಸಿದರೆ ತೆರಿಗೆ ಇಲ್ಲ, ಎಂಟು ಮನೆಗೆ ಮಾಡಿಸಿದರೆ ಇದೆ. ಇದು ನನಗೆ ಸರಿ ಅನ್ನಿಸುವುದಿಲ್ಲ.

ಗುಂಪು ಪಾಲಿಸಿ ವರ್ಷದ ಒಪ್ಪಂದ. ಹೋದ ವರ್ಷ ಎಷ್ಟು ಕ್ಲೈಮ್ ಆಯಿತು ಎಂದು ನೋಡಿ ದರ ಕಟ್ಟುತ್ತಾರೆ. ಸಾವಿರ ಜನರ ಕಂಪನಿಯಲ್ಲಿ ಒಂದು ಸ್ಟೆಂಟ್ ಲೆಕ್ಕಕ್ಕೇ ಬರುವುದಿಲ್ಲ. ಎಂಟು ಜನರಲ್ಲಿ ಅದೇ ಇಡೀ ಲೆಕ್ಕ. ಕ್ಯಾಲೆಂಡರ್ ಸೀಸನ್‌ನಲ್ಲಿ ಗದಗ-ಬೆಟಗೇರಿಯ ಪ್ರೆಸ್ಸುಗಳಲ್ಲಿ ನಿಂತು ನೋಡಿದ್ದೇನೆ. ಮಷಿನ್‌ಮನ್ ಒಂದು ಹಾಳೆ ಎಳೆದು ಬೆಳಕಿಗೆ ಹಿಡಿಯುತ್ತಾನೆ. ಬಣ್ಣ ಕೂದಲೆಳೆಯಷ್ಟು ಜರುಗಿದ್ದರೂ ಮಷಿನ್ ನಿಲ್ಲಿಸುತ್ತಾನೆ. ಅಂಥವನಿಗೆ ಬಂದ ಕಾಯಿಲೆ ಉಳಿದ ಏಳು ಮನೆಗಳ ಮೇಲೆ ದಂಡದ ಹಾಗೆ ಬೀಳಬಾರದು, ಅಲ್ವಾ? ಮುದ್ರಣ ಕಾಶಿ ಎನ್ನಿಸಿಕೊಂಡ ಊರು ನಿಮ್ಮದು. ಅಲ್ಲಿನ ಸಣ್ಣ ಪ್ರೆಸ್ಸುಗಳನ್ನೆಲ್ಲ ಒಂದೇ ಗುಂಪೆಂದು ಎಣಿಸಿ ದರ ಕಟ್ಟಲಿ. ಸರ್ಕಾರ ಕೈಹಾಕಬೇಕಾದ್ದು ಇಲ್ಲಿ.

ಅಲ್ಲಿವರೆಗೆ ಇಎಸ್‌ಐ, ಅಂದರೆ ಕೆಲಸಗಾರರಿಗಾಗಿ ಇರುವ ಸರ್ಕಾರಿ ವಿಮಾ ಯೋಜನೆ, ನೋಡಿ. ಅಲ್ಲಿ ಕಾಯಿಲೆ ಬಂತೆಂದು ದರ ಏರುವುದಿಲ್ಲ. ಸಂಬಳದ ಮೇಲೆ ಮಾಲೀಕರದ್ದು ಶೇ 3.25, ಕೆಲಸಗಾರರದ್ದು ಶೇ 0.75. 2019ರಲ್ಲಿ ದರ ಇಳಿಸಿದ್ದಾರೆ ಕೂಡ. ತಲಾ 15,000 ಸಂಬಳ ಎಂದರೆ ಎಂಟು ಜನರಿಗೆ ನಿಮ್ಮ ಪಾಲು ತಿಂಗಳಿಗೆ 3,900, ವರ್ಷಕ್ಕೆ 46,800. ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಹತ್ತು ಜನ ಇರಲೇಬೇಕಲ್ಲ ಎಂದು ನೀವು ಕೈಬಿಟ್ಟಿರಬಹುದು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಹತ್ತಕ್ಕಿಂತ ಕಡಿಮೆ ಇದ್ದರೂ ಸೇರಲು ದಾರಿ ಇದೆ. ನೀವು ಮತ್ತು ಹೆಚ್ಚಿನ ಕೆಲಸಗಾರರು ಒಪ್ಪಬೇಕು. ತಿಂಗಳ ಸಂಬಳ 21,000 ದಾಟಿದವರು ಇದರೊಳಗೆ ಬರುವುದಿಲ್ಲ. ನಿಮ್ಮ ಲೆಕ್ಕದವರನ್ನು ಕರೆದುಕೊಂಡು ಹುಬ್ಬಳ್ಳಿಯ ಇಎಸ್‌ಐ ಕಚೇರಿಗೆ ಒಮ್ಮೆ ಹೋಗಿ ಬನ್ನಿ.

ಆದರೆ ಇಎಸ್‌ಐನಲ್ಲಿ ದೊಡ್ಡ ಚಿಕಿತ್ಸೆ ಸಿಗಲು ಕೆಲವು ತಿಂಗಳ ವಂತಿಗೆ ಆಗಿರಬೇಕು. ಹಾಗಾಗಿ ಕೋಪದಲ್ಲಿ ಈಗಿನ ಪಾಲಿಸಿ ಬಿಡಬೇಡಿ. ಈ ಒಂದು ವರ್ಷ ಹೇಗಾದರೂ ಕಟ್ಟಿ. ಅದಕ್ಕೂ ಮೊದಲು ಕ್ಲೈಮ್ ಲೆಕ್ಕವನ್ನು ಬರಹದಲ್ಲಿ ಕೇಳಿ ತರಿಸಿಕೊಂಡು, ಬೇರೆ ಎರಡು ಕಂಪನಿಗಳ ದರ ಕೇಳಿ. ಮಷಿನ್‌ಮನ್‌ಗೆ ಮಾತ್ರೆ ತಪ್ಪಿಸಬೇಡ ಎಂದು ನಮ್ಮ ಪರವಾಗಿ ಹೇಳಿ.

— ಸಂಪಾದಕ